ತಳದ ಕೆಸರಿಗೆ ಮರೆವಿಲ್ಲ

"ಉಸಿರು ಬಿಗಿಹಿಡೀಬೇಡಿ ಅಮ್ಮಾ. ಇಳೀತಿರೋದು ಪುಟ್ಟಿ, ನೀವಲ್ಲ," ಎಂದಳು ಚಾಲಕಿ, ಪರದೆಯಿಂದ ಕಣ್ಣು ಕೀಳದೆ.

ದುರ್ಬೀನಮ್ಮ ಉಸಿರು ಬಿಟ್ಟರು. ಮೂರು ಊರಿನ ಗಾಳಿಯನ್ನು ಎದೆಯಲ್ಲಿ ಗಂಟು ಕಟ್ಟಿಟ್ಟುಕೊಂಡಿದ್ದರೇನೋ, ಆ ಉಸಿರಿಗೆ ಗೋಡೆಯ ಮೊಳೆಗೆ ನೇತುಹಾಕಿದ್ದ ಟೋಪಿ ಅರ್ಧ ಸುತ್ತು ತಿರುಗಿತು.

ನೆಲದ ಮೇಲೆ ಈ ಹೆಂಗಸಿನ ಹೆಸರು ಕೇಳಿದರೆ ಕಳ್ಳನ ನೆರಳೇ ಕಳ್ಳನನ್ನು ಬಿಟ್ಟು ಓಡುತ್ತಿತ್ತು. ಬಿದ್ದ ಗುಂಡಿ ನೋಡಿ ಅಂಗಿಯನ್ನು, ಅಂಗಿ ನೋಡಿ ತೊಟ್ಟವನನ್ನು, ತೊಟ್ಟವನನ್ನು ನೋಡಿ ಅವನು ನಾಳೆ ಹೇಳಲಿರುವ ಸುಳ್ಳನ್ನು ಹೇಳಿಬಿಡುವವರು. ಅದಕ್ಕೇ ದುರ್ಬೀನಮ್ಮ ಎಂಬ ಹೆಸರು. ಅಂಥ ಹುಲಿ ನಿನ್ನೆ ನಡುಸಮುದ್ರದಲ್ಲಿ ಸಣ್ಣ ದೋಣಿಯಿಂದ ಈ ಹಡಗು ಹತ್ತಿದ ಕ್ಷಣದಿಂದ ಇಲಿಯಾಗಿ, ಒಣಶುಂಠಿ ಚೀಪುತ್ತ, ಈ ಕಬ್ಬಿಣದ ಕೋಣೆಯಲ್ಲಿ ಮೂಲೆ ಹಿಡಿದಿತ್ತು.

ಕೋಣೆ ಎಂದರೆ ಡೆಕ್ಕಿನ ಮೇಲೆ ಬೋಲ್ಟು ಹಾಕಿ ಕೂರಿಸಿದ ಸರಕಿನ ಪೆಟ್ಟಿಗೆ. ಕಿಟಕಿಯಿಲ್ಲ. ಎರಡು ಕುರ್ಚಿ, ನಾಲ್ಕು ಪರದೆ, ಎರಡು ಜಾಯ್‌ಸ್ಟಿಕ್ಕು. ಇಷ್ಟು ಸಾಮಾನಿನಲ್ಲಿ ಈ ಹುಡುಗಿ ಸಮುದ್ರದ ಹೊಟ್ಟೆಯೊಳಗೆ ಕೈಯಾಡಿಸುತ್ತಿದ್ದಳು.

ನಡೆದದ್ದು ಇಷ್ಟೇ. ಇದೇ ಪ್ರಯಾಣದಲ್ಲಿ, ಮೂರು ದಿನದ ಹಿಂದೆ, ದೊಡ್ಡಣ್ಣ ಎಂಬ ದೊಡ್ಡ ರೋಬೋಟು, ಕಳೆದ ವರ್ಷ ಮುಳುಗಿದ ಮೀನುದೋಣಿಯ ದಾಖಲೆ ಪೆಟ್ಟಿಗೆಯನ್ನು ಬುಟ್ಟಿಗೆ ಹಾಕಿಕೊಂಡ ರಾತ್ರಿಯೇ ಕೇಬಲ್ ಹರಿದುಕೊಂಡು ತಳದಲ್ಲಿ ಉಳಿದಿತ್ತು. ಚಾಲಕಿ "ತಪ್ಪು ನನ್ನದು" ಎಂದು ಒಪ್ಪಿದ್ದಳು. ಹಡಗು ಬಂದರು ಸೇರುವಷ್ಟರಲ್ಲಿ ಬೇರೇನೂ ತಿಳಿಯದಿದ್ದರೆ ಅವಳು ಮತ್ತೆಂದೂ ಈ ಕುರ್ಚಿಯಲ್ಲಿ ಕೂರುವಂತಿರಲಿಲ್ಲ.

ಗಾಳಿ ಏಳುತ್ತಿತ್ತು. ಅದನ್ನು ನೋಡಿಬರಲು ಇಳಿದಿದ್ದ ಸಣ್ಣ ರೋಬೋಟು ಪುಟ್ಟಿಗೆ ಸಿಕ್ಕಿದ್ದು ಒಂದೇ ಮುಳುಗು.

"ಇಷ್ಟೆಲ್ಲ ವಿದ್ಯೆ ಕಲಿತೋರಿಗೆ ಆ ಬಾಲ ಇಲ್ಲದೆ ಒಂದು ರೋಬೋಟು ಮಾಡೋಕಾಗ್ಲಿಲ್ವಾ?" ದುರ್ಬೀನಮ್ಮ ಕೇಳಿದರು.

"ಬಾಲ ಅಲ್ಲಮ್ಮ, ಹೊಕ್ಕುಳಬಳ್ಳಿ. ರೇಡಿಯೋ ಮಾತು ನೀರಲ್ಲಿ ನಾಲ್ಕು ಮಾರು ಹೋಗೋದ್ರೊಳಗೆ ಸತ್ತುಹೋಗತ್ತೆ. ಇದೇ ಕೇಬಲ್ಲಿನಲ್ಲಿ ಕರೆಂಟು ಕೆಳಗೆ ಹೋಗ್ಬೇಕು, ಇದರಲ್ಲೇ ಚಿತ್ರ ಮೇಲೆ ಬರ್ಬೇಕು. ನಾನು ಇಲ್ಲಿ ಬೆರಳು ಆಡಿಸಿದ್ರೆ ಅವಳು ಅಲ್ಲಿ ಮೈ ಆಡಿಸ್ತಾಳೆ."

"ಅತ್ತೆ ಸೊಸೆ ಹಾಗೆ."

"ಸೊಸೆ ಇಷ್ಟು ಮಾತು ಕೇಳ್ತಾಳಾ?"

ದುರ್ಬೀನಮ್ಮ ನಕ್ಕರು. ಇನ್ನೊಂದು ಚೂರು ಶುಂಠಿ ಬಾಯಿಗೆ ಹೋಯಿತು.

ಬೆಳಿಗ್ಗೆ ಡೆಕ್ಕಿನ ಮೇಲೆ ಪುಟ್ಟಿಯನ್ನು ಅವರು ಹತ್ತಿರದಿಂದ ನೋಡಿದ್ದರು. ಹತ್ತಿರ ಅಂದರೆ ಕಾಲ್ಬೆರಳು ತಾಗಿಸಿಕೊಳ್ಳುವಷ್ಟು. ನಾಯಿಗೂಡಿನ ಗಾತ್ರ. ಮೇಲೆ ತೇಲಿಸುವ ಹಳದಿ ದಿಂಡು, ಹೊಟ್ಟೆಯಲ್ಲಿ ತಿರುಗುವ ಪುಟ್ಟ ಪಂಖಗಳು, ಮುಂದೆ ಎರಡು ದೀಪ, ಬಾಯಲ್ಲಿ ಬಲೆ ಕತ್ತರಿಸುವ ಕತ್ತರಿ. ಕೆಳಗೆ ಕೂರಲು ಎರಡು ಕಾಲುಪಟ್ಟಿ. ಎಡ ಪಟ್ಟಿ ಸೀಳಿದ್ದಕ್ಕೆ ತಗಡಿನ ತೇಪೆ ಹಾಕಿ, ಅಡಿಯಲ್ಲಿ ಎರಡು ದಪ್ಪ ಬೋಲ್ಟು ಬಿಗಿದಿದ್ದರು. ದುರ್ಬೀನಮ್ಮನ ಹೆಬ್ಬೆರಳು ಆ ಬೋಲ್ಟುಗಳನ್ನು ಏಳು ಜನ್ಮಕ್ಕೂ ಮರೆಯುವಂತಿರಲಿಲ್ಲ.

"ಪಾಪ, ಹೋದ ಪ್ರಯಾಣದಲ್ಲಿ ಮೋಟಾರು ಸುಟ್ಕೊಂಡಿದ್ಲು," ಎಂದು ಕಾಲು ಉಜ್ಜಿಕೊಳ್ಳುತ್ತಿದ್ದವರಿಗೆ ಹೇಳಿದ್ದು ವಿಂಚ್ ಯಂತ್ರದಲ್ಲಿ ಕೇಬಲ್ ಬಿಚ್ಚಿ ಸುತ್ತುವ ಹಗ್ಗದ ಮಾವ. "ಬಂದರಲ್ಲಿ ಹೊಸ ಮೋಟಾರು ಹಾಕಿ, ಕಾಲಿಗೆ ತೇಪೆನೂ ನಾನೇ ಹಾಕ್ದೆ. ಆಮೇಲೆ ನೀರು ಮುಟ್ತಿರೋದು ಇವತ್ತೇ ಮೊದಲು."

ಚಾಲಕಿಯ ತಾಯಿಯ ತಮ್ಮ ಅವರು. ಅವಳಿಗೆ ಈ ಕೆಲಸ ಕಲಿಸಿದ್ದೂ ಅವರೇ. ಒಂದು ಕಾಲದಲ್ಲಿ ಮಾವ ಜಾಯ್‌ಸ್ಟಿಕ್ ಹಿಡಿದರೆ ಸಮುದ್ರದ ತಳದಲ್ಲಿ ರೋಬೋಟು ಸೂಜಿಗೆ ದಾರ ಪೋಣಿಸಿ ಗಂಟೂ ಹಾಕಿ ಬರುತ್ತಿತ್ತಂತೆ. ಮೂರು ವರ್ಷದ ಹಿಂದೆ ಎಡಗಣ್ಣಿಗೆ ಮಂಜು ಕವಿಯಿತು. ಕುರ್ಚಿ ಸೊಸೆಗೆ ಬಂತು, ಹಗ್ಗ ಮಾವನಿಗೆ ಹೋಯಿತು.

ಪರದೆಯಲ್ಲಿ ನೀಲಿ ಕಪ್ಪಾಗಿತ್ತು. ಬರೀ ಕಪ್ಪಲ್ಲ, ಅಮಾವಾಸ್ಯೆಯನ್ನು ಇದ್ದಿಲಿನಲ್ಲಿ ಅದ್ದಿ ತೆಗೆದಂಥ ಕಪ್ಪು. ಪುಟ್ಟಿಯ ದೀಪದಲ್ಲಿ ಬಿಳಿ ಚೂರುಗಳು ಮೇಲಿನಿಂದ ಸುರಿಯುತ್ತಲೇ ಇದ್ದವು.

"ಏನದು, ಧೂಳಾ?"

"ಮೇಲೆ ಬದುಕಿದ್ದೋರ ಚೂರು. ಸತ್ತ ಮೀನು, ಪಾಚಿ, ಹೊಲಸು. ಎಲ್ಲ ಮೆಲ್ಲಗೆ ಇಳೀತಾ ಇರತ್ತೆ. ಕೆಳಗಿರೋರಿಗೆ ಅದೇ ಊಟ."

ಗಾಜಿನ ಪಂಚೆಯಂಥ ಒಂದು ಪ್ರಾಣಿ ದೀಪದೆದುರು ಬಂತು. ಒಳಗಿನ ಕೆಂಪು ಕರುಳು ಮಾತ್ರ ಕಾಣುವಂತೆ ಒಮ್ಮೆ ಮಡಚಿಕೊಂಡು, ಮತ್ತೆ ಬಿಚ್ಚಿಕೊಂಡು ಹೋಯಿತು.

"ಇದರ ಹೆಸರೇನು?"

"ಗೊತ್ತಿಲ್ಲಮ್ಮ. ಇದಕ್ಕಿನ್ನೂ ಯಾರೂ ಹೆಸರಿಟ್ಟಿಲ್ಲವೇನೋ. ಪುಟ್ಟಿಯಂಥವಳು ಹೋಗದಿದ್ರೆ ಇದು ಇದೆ ಅಂತಲೇ ಯಾರಿಗೂ ಗೊತ್ತಾಗಲ್ಲ." ಚಾಲಕಿ ದೀಪವನ್ನು ಅದರ ಹಿಂದೆಯೇ ತಿರುಗಿಸಿದಳು. "ಮೊದಲ ಸಲ ಮಾವ ತೋರಿಸಿದಾಗ ನಾನು ಅತ್ತುಬಿಟ್ಟಿದ್ದೆ. ಯಾರೂ ನೋಡ್ದೆ ಇದ್ರೂ ಎಷ್ಟು ಚಂದ ಬದುಕಿದೆ ಅಂತ."

ದುರ್ಬೀನಮ್ಮ ಅವಳ ಮುಖ ನೋಡಿದರು. ಈ ಕುರ್ಚಿ ಇವಳಿಗೆ ಕೆಲಸವಲ್ಲ, ಕಣ್ಣು. ಇದನ್ನು ಕಿತ್ತುಕೊಂಡರೆ ಇವಳಿಗೆ ಉಳಿಯುವುದು ಮೇಲಿನ ನೀಲಿ ಹೊದಿಕೆ ಮಾತ್ರ.

ಎದುರಿಗೆ ಬಂಡೆಯೊಂದು ಎದ್ದಿತು. ಚಾಲಕಿ ಪುಟ್ಟಿಯನ್ನು ಹಿಂದೆ ಸರಿಸಿದಳು. ಸರಿಸುವ ಮೊದಲೇ ಅವಳ ಹೆಬ್ಬೆರಳು ಜಾಯ್‌ಸ್ಟಿಕ್ಕನ್ನು ಎಳ್ಳುಕಾಳಿನಷ್ಟು ಬಲಕ್ಕೆ ಒತ್ತಿತು.

"ಹಿಂದೆ ಹೋಗೋಕೆ ಬಲಕ್ಕೆ ಯಾಕೆ ಒತ್ತಿದ್ದು?"

"ಹೊಸ ಮೋಟಾರಲ್ವಾ, ಹಿಂದೆ ಬರುವಾಗ ಎಡಕ್ಕೆ ಎಳೀತದೆ. ಎತ್ತಿನ ಜೋಡಿ ಇದ್ದ ಹಾಗೆ, ಒಂದೊಂದರದ್ದು ಒಂದೊಂದು ಚಾಳಿ."

ಬಂಡೆ ದಾಟಿತು. ಆ ಮಾತೂ ದಾಟಿತು.

ಆಮೇಲೆ ದೋಣಿ ಕಂಡಿತು. ಒಂದು ಮಗ್ಗುಲಿಗೆ ಒರಗಿ, ನಿದ್ದೆಗೆ ಜಾರಿದ ಎಮ್ಮೆಯಂತೆ ಮಲಗಿತ್ತು. ದೋಣಿಯ ಕಂಬ, ಕೂವೆಮರ, ಮಾತ್ರ ಮುರಿಯದೆ ಓರೆಯಾಗಿ ಮೇಲೆದ್ದಿತ್ತು. ಅದರ ಬುಡದಲ್ಲಿ, ಕಣ್ಣು ಆರಿಸಿಕೊಂಡು ಕೂತಿದ್ದ ದೊಡ್ಡಣ್ಣ.



"ನಿಧಾನಕ್ಕೆ ಒಂದು ಸುತ್ತು ಹಾಕಮ್ಮ," ಎಂದರು ದುರ್ಬೀನಮ್ಮ.

ಚಾಲಕಿ ಪುಟ್ಟಿಯನ್ನು ಎಡಕ್ಕೆ ತಿರುಗಿಸಿ ಕೂವೆಮರವನ್ನು ಬಳಸಿದಳು. ಒಂದು ಸುತ್ತು ಮುಗಿದದ್ದೇ ಅಷ್ಟನ್ನೇ ಬಲಕ್ಕೆ ಬಿಚ್ಚಿ ಹಿಂದೆ ಬಂದಳು.

"ಹಾಕಿದ ಸುತ್ತು ಬಿಚ್ಚಿದ್ದು ಯಾಕೆ?"

"ಬಿಚ್ಚದಿದ್ರೆ ಹಗ್ಗ ಹುರಿಯಾಗತ್ತೆ. ಮಾವ ಮೊದಲ ದಿನ ಕಲಿಸಿದ್ದೇ ಇದು."

"ಮೊದಲು ಹೋಗೋದು ಯಾವಾಗಲೂ ಎಡಕ್ಕೇನಾ?"

"ದೊಡ್ಡಣ್ಣನ ಕೈ ಎಡಕ್ಕಿದೆ. ನೋಡೋ ವಸ್ತು ಯಾವಾಗಲೂ ಕೈ ಕಡೆಗಿರಬೇಕು ಅಂತ ಮಾವ ಬೈದು ಬೈದು ಅಭ್ಯಾಸ ಮಾಡ್ಸಿದ್ರು. ಈಗ ಸಂತೆಗೆ ಹೋದ್ರೂ ತರಕಾರಿ ಗುಡ್ಡೆ ಎಡಕ್ಕೆ ಸುತ್ತಿ ನೋಡ್ತೀನಿ."

ದುರ್ಬೀನಮ್ಮ ಎದ್ದರು. ಹಡಗು ಓಲಾಡುತ್ತಿದ್ದರೂ ಎದ್ದರು. ಹೊಟ್ಟೆಯೊಳಗಿನ ಅಲೆಗಳೆಲ್ಲ ಅವರ ಕಣ್ಣು ಕಿರಿದಾದದ್ದನ್ನು ಕಂಡು ಹೆದರಿ ಇದ್ದಲ್ಲೇ ಕೂತವು.

"ಹಾಗಿದ್ರೆ ಆ ಕೂವೆಮರಕ್ಕೆ ಸುತ್ತಿರೋ ಕೇಬಲ್ ನೋಡು."

ಸತ್ತ ಹಾವಿನಂತೆ ಕೇಬಲ್ ಮರಕ್ಕೆ ಸುತ್ತಿಕೊಂಡಿತ್ತು. ಸುತ್ತಿದ ಮೇಲೆ ಸುತ್ತು, ಎಲ್ಲ ಬಲಕ್ಕೆ.

ಚಾಲಕಿ ದೀಪವನ್ನು ಕೇಬಲ್ಲಿನಿಂದ ಆಚೆ ಸರಿಸಿದಳು. "ಅವತ್ತು ಗಡಿಬಿಡಿಯಲ್ಲಿದ್ದೆ."

"ಗಡಿಬಿಡಿಯಲ್ಲಿದ್ರೆ ಬಾಯಿ ಸುಳ್ಳು ಹೇಳತ್ತೆ ಮಗಳೇ, ಕೈ ಹೇಳಲ್ಲ. ಬೆಂಕಿ ಬಿದ್ದ ಮನೆಯಿಂದ ಓಡೋನೂ ಎಡಚನಾಗಿದ್ರೆ ಎಡಗೈಯಲ್ಲೇ ಬಾಗಿಲು ತೆಗೀತಾನೆ." ದುರ್ಬೀನಮ್ಮ ಡೆಕ್ಕಿಗೆ ಮಾತು ತಲುಪಿಸುವ ಗುಂಡಿ ಒತ್ತಿದರು. "ಹಗ್ಗದ ಮಾವನವರೇ, ಪುಟ್ಟಿ ನಿಂತಿದ್ದಾಳೆ. ಬ್ರೇಕು ಹಾಕಿ ಒಂದು ಗಳಿಗೆ ಒಳಗೆ ಬನ್ನಿ."

"ಅಮ್ಮಾ, ಬೇಡ," ಎಂದಳು ಚಾಲಕಿ ಮೆಲ್ಲಗೆ.

ಮಾವ ಬಂದರು. ಗ್ರೀಸು ಹತ್ತಿದ ಕೈಯನ್ನು ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತರು. ಪರದೆ ನೋಡಲು ಇಡೀ ಕತ್ತನ್ನು ಎಡಕ್ಕೆ ತಿರುಗಿಸಿ, ಬಲಗಣ್ಣನ್ನು ಮುಂದೆ ತಂದರು. ಕಾಗೆ ಅನ್ನದಗುಳು ನೋಡುವ ಹಾಗೆ.

"ಕೂತ್ಕೊಳ್ಳಿ."

"ನಿಂತೇ ಅಭ್ಯಾಸ. ಏನು ಸಿಕ್ತು?"

"ನಿಮ್ಮ ಕಣ್ಣು ಸಿಕ್ತು," ಎಂದರು ದುರ್ಬೀನಮ್ಮ. "ಎಡಗಣ್ಣಿಗೆ ಕಾಣದೋರು ನೋಡೋ ವಸ್ತುವನ್ನ ಬಲಗಡೆ ಇಟ್ಕೋತಾರೆ. ಬಲಗಡೆ ಇಟ್ಕೊಂಡು ಸುತ್ತಿದ್ರೆ ಹಗ್ಗ ಬಲಕ್ಕೆ ಸುತ್ತತ್ತೆ. ಅಲ್ಲಿ ಹಾಗೇ ಸುತ್ತಿದೆ. ಅವತ್ತು ಈ ಕುರ್ಚಿಯಲ್ಲಿ ಯಾರಿದ್ರು?"

"ನಾನೇ ಇದ್ದೆ," ಎಂದಳು ಚಾಲಕಿ.

"ನಿನ್ನ ಕೇಳ್ಲಿಲ್ಲ."

"ಮಾವಂಗೂ ಇದಕ್ಕೂ ಸಂಬಂಧ ಇಲ್ಲ. ಅವರು ವಿಂಚ್ ಹತ್ರ ಇದ್ರು. ಹಗ್ಗ ಹುರಿಯಾಗಿದ್ದು, ಮರಕ್ಕೆ ಉಜ್ಜಿ ಹರಿದಿದ್ದು, ಎಲ್ಲ ನನ್ನ—"

"ಬಾಯ್ಮುಚ್ಚು ಕೂಸೇ," ಎಂದರು ಮಾವ.

ಗಟ್ಟಿಯಾಗಿ ಹೇಳಲಿಲ್ಲ. ಆದರೆ ಆ ಮಾತಿಗೆ ಹಡಗಿನ ಇಂಜಿನ್ನೂ ಒಂದು ಬಡಿತ ತಪ್ಪಿಸಿದಂತಾಯಿತು.

ಮಾವ ಬಂದು ಖಾಲಿ ಕುರ್ಚಿಯಲ್ಲಿ ಕೂತರು. ಕೈಗಳು ತಾವಾಗಿಯೇ ಎದುರಿನ ಜಾಯ್‌ಸ್ಟಿಕ್ ಕಡೆ ಹೋದವು. ಅಲ್ಲಿಗೆ ತಲುಪುವ ಮೊದಲು ಅವನ್ನು ಮಡಿಲಿಗೆ ಎಳೆದುಕೊಂಡರು.

"ಪೆಟ್ಟಿಗೆ ಬುಟ್ಟಿಗೆ ಹಾಕಿ ಆಗಿತ್ತು. ಎಲ್ಲರೂ ರಾತ್ರಿ ಊಟಕ್ಕೆ ಹೋಗಿದ್ರು. ಒಂದೇ ಒಂದು ಸಲ ಕೂತ್ಕೋತೀನಿ ಕಣೇ ಅಂದೆ. ಇವಳು ಬೇಡ ಅನ್ಲಿಲ್ಲ. ಹೇಗೆ ಅಂತಾಳೆ, ಬೆರಳು ಹಿಡಿಸಿ ಕಲಿಸಿದ್ದು ನಾನು." ಅವರು ಮೂಗು ಉಜ್ಜಿಕೊಂಡರು, ಗ್ರೀಸು ಮೂಗಿಗೂ ಹತ್ತಿತು. "ಕುರ್ಚಿ ಬಿಡು ಅಂದ್ರು, ಬಿಟ್ಟೆ. ಈ ಹಾಳು ಕೈ ಬಿಡಬೇಕಲ್ಲ."

"ಕೂವೆಮರ ಕಾಣ್ಲಿಲ್ವಾ?"

"ಬಲಕ್ಕೆ ಇರೋವರೆಗೂ ಕಾಣ್ತು. ಎಡಕ್ಕೆ ಹೋಯ್ತು ನೋಡಿ, ಇಲ್ಲವೇ ಇಲ್ಲ ಅಂದ್ಕೊಂಡೆ. ಹಗ್ಗ ಬಿಗಿಯಾದಾಗಲೇ ಗೊತ್ತಾಗಿದ್ದು. ಬೇರೆ ಯಾರಾದ್ರೂ ಕೂತಿದ್ರೆ ಎಡಕ್ಕೆ ಸುತ್ತು ಅಂತ ಬೈತಿದ್ದೆ. ನನ್ನ ಪಾಠ ನನಗೇ ಮರೆತುಹೋಗಿತ್ತು."

ಚಾಲಕಿ ತಲೆ ತಗ್ಗಿಸಿದ್ದಳು. "ನಾಳೆ ಬೆಳಿಗ್ಗೆ ನಾನೇ ಬಿಚ್ತೀನಿ, ಯಾರಿಗೂ ಹೇಳೋದು ಬೇಡ ಅಂದಿದ್ದೆ ಅಮ್ಮಾ. ಹೇಳಿದ್ರೆ ಮಾವನ್ನ ವಿಂಚ್ ಹತ್ರಾನೂ ಬಿಡ್ತಿರಲಿಲ್ಲ. ಹಡಗು ಬಿಟ್ರೆ ಅವರು ಮನೇಲಿ ಗೋಡೆ ನೋಡ್ಕೊಂಡು ಕೂರಬೇಕು."

"ಗೋಡೆನೂ ಅರ್ಧ ಕಾಣೋದು," ಎಂದರು ಮಾವ. ಅವರೇ ಸ್ವಲ್ಪ ನಕ್ಕು ನಿಲ್ಲಿಸಿದರು.

ದುರ್ಬೀನಮ್ಮ ಶುಂಠಿ ಚೀಪುವುದನ್ನೇ ಮರೆತಿದ್ದರು. ತಮ್ಮ ಕಣ್ಣಿಗೂ ಒಂದು ದಿನ ಮಂಜು ಕವಿದೀತು. ಅವತ್ತು ತಮ್ಮನ್ನು ಯಾರು ಒಂದು ಸಲ ಕೂತ್ಕೊಳ್ಳಿ ಎಂದಾರು, ಯಾರು ತಪ್ಪನ್ನು ತಮ್ಮ ತಲೆಗೆ ಎಳೆದುಕೊಂಡಾರು? ಹತ್ತೂರ ಕಳ್ಳರನ್ನು ಹಿಡಿದ ತಲೆಗೆ ಇದಕ್ಕೆ ಒಂದು ಹೆಸರೂ ಹೊಳೆಯಲಿಲ್ಲ.

ಅವರು ಮಾತಿನ ಗುಂಡಿ ಒತ್ತಿದರು. "ಕ್ಯಾಪ್ಟನ್ನರೇ, ಹಗ್ಗ ಸಿಕ್ಕಿಸಿದ್ದು ಇವಳಲ್ಲ. ಬಂದರಿಗೆ ಹೋದಮೇಲೆ ನನ್ನ ಮಾತು ಕೇಳ್ದೆ ಯಾರೂ ಇವಳ ಕುರ್ಚಿ ಮುಟ್ಟಬಾರದು."

"ಪುರಾವೆ ಇದೆಯಾ ಅಮ್ಮಾ?" ಗಾಳಿಯ ಸದ್ದಿನ ನಡುವೆ ಕ್ಯಾಪ್ಟನ್ನರ ದನಿ.

"ಕೂವೆಮರಕ್ಕೇ ಸುತ್ತಿಟ್ಟಿದ್ದಾರೆ."

"ಸರಿ ಹಾಗಿದ್ರೆ. ಕುರ್ಚಿ ಅವಳದ್ದೇ. ಬೇಗ ಮೇಲೆತ್ತಿ, ಅಲೆ ಏಳ್ತಾ ಇದೆ."

ಚಾಲಕಿಯ ಭುಜ ಇಳಿಯಿತು. ಮಾವ ಅವಳ ತಲೆ ಸವರಿದರು, ಕೂದಲಿಗೆ ಗ್ರೀಸಾಯಿತು.

"ಒಂದು ಮಾತಿದೆ ಅಮ್ಮಾ," ಎಂದರು ಮಾವ ಏಳುತ್ತ. "ಸಿಕ್ಕಿಸಿದ್ದು ನಾನು, ಒಪ್ತೀನಿ. ಹರಿದಿದ್ದು ನಾನಲ್ಲ. ಮಾರನೇ ಬೆಳಿಗ್ಗೆ ವಿಂಚ್ ತಿರುಗಿಸಿದಾಗ ಮೇಲೆ ಬಂದ ತುದಿ ನಾನೇ ಮುಟ್ಟಿ ನೋಡಿದೀನಿ. ಉಜ್ಜಿ ಹರಿದ ಹಗ್ಗ ನಾರು ನಾರಾಗಿ ತೆಂಗಿನ ಕಾಯಿ ಜುಟ್ಟಿನ ಹಾಗೆ ಇರತ್ತೆ. ಇದು ಸೌತೆಕಾಯಿ ಹೆಚ್ಚಿದ ಹಾಗಿತ್ತು. ಈ ಹುಡುಗಿ ಹರಿದಿದೆ ಹರಿದಿದೆ ಅಂತಾಳೆ. ನನ್ನ ಕಣ್ಣಿಗೆ ಮಂಜು, ಬೆರಳಿಗಲ್ಲ."

ದುರ್ಬೀನಮ್ಮ ನಿಧಾನವಾಗಿ ತಿರುಗಿದರು. "ಅಷ್ಟು ಆಳದಲ್ಲಿ ಹೆಚ್ಚೋಕೆ ಯಾರು ಹೋಗ್ತಾರೆ?"

"ಮನುಷ್ಯ ಹೋದ್ರೆ ನೀರಿನ ಭಾರಕ್ಕೆ ಹಪ್ಪಳ ಆಗ್ತಾನೆ."

"ದೊಡ್ಡಣ್ಣನ ಬುಟ್ಟಿ ತೋರ್ಸು ಮಗಳೇ."

"ಕ್ಯಾಪ್ಟನ್ನರು ಮೇಲೆತ್ತಿ ಅಂದ್ರಲ್ಲಮ್ಮ," ಎಂದಳು ಚಾಲಕಿ. "ಹತ್ತಿರ ಹೋದ್ರೆ ಕೆಸರು ಏಳತ್ತೆ. ಏನೂ ಕಾಣಲ್ಲ."

"ಏಳದ ಹಾಗೆ ಹೋಗು. ನೀನಲ್ವಾ ಹೋಗೋಳು."

ಅವಳು ಒಂದು ಕ್ಷಣ ತಡೆದಳು. ಆಮೇಲೆ ಪುಟ್ಟಿ ಮೆಲ್ಲಗೆ ಮುಂದೆ ಸರಿದಳು. ದೀಪ ದೊಡ್ಡಣ್ಣನ ಹೊಟ್ಟೆಯ ಮೇಲೆ ಜಾರಿ ಬುಟ್ಟಿಗೆ ಬಂತು.

ಬುಟ್ಟಿಯ ಮುಚ್ಚಳ ತೆರೆದಿತ್ತು. ಒಳಗೆ ಪೆಟ್ಟಿಗೆ ಇರಲಿಲ್ಲ.

ಆ ಪೆಟ್ಟಿಗೆಗಾಗಿಯೇ ದುರ್ಬೀನಮ್ಮ ಹೊಟ್ಟೆ ಕೈಯಲ್ಲಿ ಹಿಡಿದುಕೊಂಡು ಸಮುದ್ರಕ್ಕೆ ಬಂದದ್ದು. ದೋಣಿ ಮುಳುಗಿದಾಗ ಚುಕ್ಕಾಣಿ ಯಾರ ಕೈಯಲ್ಲಿತ್ತೆಂದು ಹೇಳಬಲ್ಲದ್ದು ಅದೊಂದೇ.

"ಕೆಳಗೆ ತೋರ್ಸು. ಕೆಸರು."

ದೀಪ ಕೆಳಗಿಳಿಯಿತು. ಅಲ್ಲಿ ಗಾಳಿಯಿಲ್ಲ, ಮಳೆಯಿಲ್ಲ, ಕಸ ಗುಡಿಸುವವರಿಲ್ಲ. ಏಡಿಯೊಂದು ಇವತ್ತು ನಡೆದರೆ ಅದರ ಮೊಮ್ಮಗ ಬಂದು ಅದೇ ಹೆಜ್ಜೆಯ ಮೇಲೆ ಕಾಲಿಡಬಹುದು. ಭೂಮಿಯ ಮೇಲಿನ ಸಾಕ್ಷಿಗಳೆಲ್ಲ ಎರಡು ದಿನಕ್ಕೆ ಮಾತು ತಿರುಗಿಸುತ್ತಾರೆ. ಈ ಕೆಸರಿಗೆ ತಿರುಗಿಸಲು ನಾಲಿಗೆಯೇ ಇಲ್ಲ.

ದೊಡ್ಡಣ್ಣನ ಅಗಲವಾದ ಪಟ್ಟಿಗಳ ಪಕ್ಕದಲ್ಲಿ ಇನ್ನೊಂದು ಜೋಡಿ ಗೆರೆ ಇತ್ತು. ಸಣ್ಣದು. ಬಲಗಡೆಯದು ನುಣುಪು. ಎಡಗಡೆಯದರಲ್ಲಿ, ಕೆಸರಿನಲ್ಲಿ ಬೆರಳದ್ದಿ ತೆಗೆದಂತೆ, ಎರಡು ದುಂಡನೆಯ ಗುಳಿ.

ದುರ್ಬೀನಮ್ಮನ ಕಾಲಿನ ಹೆಬ್ಬೆರಳು ಚುಳ್ಳೆಂದಿತು.

"ಪುಟ್ಟಿ ಈಗ ನೆಲಕ್ಕೆ ಕೂತಿದ್ಲಾ?"

"ಇಲ್ಲ," ಎಂದರು ಮಾವ, ಚಾಲಕಿಯ ಬದಲು. ಬಲಗಣ್ಣನ್ನು ಪರದೆಗೆ ತಾಗಿಸುವಷ್ಟು ಹತ್ತಿರ ತಂದಿದ್ದರು. "ಇಳಿದಾಗಿಂದ ತೇಲ್ತಾನೇ ಇದಾಳೆ. ಇದು... ಇದು ನಾ ಹಾಕಿದ ತೇಪೆ. ಆದ್ರೆ ಇವಳು ನೀರು ಮುಟ್ಟಿದ್ದು ಇವತ್ತೇ ಅಲ್ವಾ?"



ದುರ್ಬೀನಮ್ಮನ ಕಣ್ಣು ಪರದೆಯಿಂದ ಕೆಳಗಿಳಿದು, ಜಾಯ್‌ಸ್ಟಿಕ್ಕಿನ ಮೇಲಿದ್ದ ಒಂದು ಹೆಬ್ಬೆರಳಿನ ಮೇಲೆ ನಿಂತಿತು. ಬಂಡೆಯ ಎದುರು ಆ ಹೆಬ್ಬೆರಳು ಪುಟ್ಟಿ ಎಡಕ್ಕೆ ಎಳೆಯುವ ಮೊದಲೇ ಬಲಕ್ಕೆ ಒತ್ತಿತ್ತು. ಹೊಸ ಮೋಟಾರಿನ ಚಾಳಿ. ಇವತ್ತಿನವರೆಗೆ ಒಮ್ಮೆಯೂ ನೀರು ಕಾಣದ ಮೋಟಾರಿನ ಚಾಳಿ ಆ ಬೆರಳಿಗೆ ಗೊತ್ತಿತ್ತು. ಆ ರಾತ್ರಿ ಯಾರಿಗೂ ಹೇಳದೆ ಪುಟ್ಟಿಯನ್ನು ಇಳಿಸಿ, ಕೇಬಲ್ ಕತ್ತರಿಸಿ, ಬುಟ್ಟಿ ಖಾಲಿ ಮಾಡಿದ್ದು ಇದೇ ಬೆರಳು.

ಗಡಿಬಿಡಿಯಲ್ಲಿದ್ದರೂ ಕೈ ಸುಳ್ಳು ಹೇಳಲ್ಲ ಎಂದವರು ತಾವೇ. ಕುರ್ಚಿ ಉಳಿಸಿಕೊಟ್ಟವರೂ ತಾವೇ.

ಪಂಖವನ್ನು ಒಮ್ಮೆ ಜೋರಾಗಿ ತಿರುಗಿಸಿದ್ದರೆ ಸಾಕಿತ್ತು. ಕೆಸರೆದ್ದು ಗುರುತೆಲ್ಲ ಅಳಿಸಿಹೋಗುತ್ತಿತ್ತು. ಗುಂಡಿ ಚಾಲಕಿಯ ತೋರುಬೆರಳಿನ ಅಡಿಯಲ್ಲೇ ಇತ್ತು. ದುರ್ಬೀನಮ್ಮ ಅದನ್ನು ನೋಡಿದರು. ಅವರು ನೋಡಿದ್ದನ್ನು ಚಾಲಕಿಯೂ ನೋಡಿದಳು.

ಅವಳು ಒತ್ತಲಿಲ್ಲ. ಎರಡೂ ಕೈ ಎತ್ತಿ ಮಡಿಲಲ್ಲಿಟ್ಟುಕೊಂಡಳು, ಸ್ವಲ್ಪ ಮೊದಲು ಮಾವ ಇಟ್ಟುಕೊಂಡಿದ್ದ ಹಾಗೆಯೇ. ಪರದೆಯ ಮೇಲೆ ಎರಡು ಗುಳಿ ಅಲುಗದೆ ನಿಂತಿದ್ದವು.

"ಅಮ್ಮಾ," ಎಂದಳು, ದುರ್ಬೀನಮ್ಮನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ದೋಣಿ ಮುಳುಗಿದಾಗ ಆ ಚುಕ್ಕಾಣಿ ಯಾರ ಕೈಯಲ್ಲಿತ್ತು ಅಂತ ನಿಮಗೆ ಹೇಳ್ತೀನಿ. ಮೊದಲು ಮಾವನ್ನ ಹೊರಗೆ ಕಳಿಸಿ."